ಸೊಟ್ಟ ಬಾಯಿಯ ಶಾರ್ಕ್

ಕರೆಂಟು ಹೋಗಲಿ ಎಂದು ಲಹರಿ ಬೆಳಗಿನಿಂದ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಏಪ್ರಿಲ್ ತಿಂಗಳಲ್ಲಿ ಹೈದರಾಬಾದಿನ ಉಪ್ಪಲ್ ಕಡೆ ಮಧ್ಯಾಹ್ನ ಕರೆಂಟು ಇರುವುದೇ ಅಪರೂಪ; ಭಾನುವಾರವೆಂದು ಅದು ಇವತ್ತು ತನ್ನ ರೂಢಿ ಬಿಡಬಾರದು, ಅಷ್ಟೇ ಅವಳ ಬೇಡಿಕೆ. ಆದರೆ ಅಪ್ಪ ಅದಕ್ಕೂ ದಾರಿ ಹುಡುಕಿಕೊಂಡಿದ್ದ. ರಕ್ಷಣಾ ಕಾರ್ಖಾನೆಯಲ್ಲಿ ಇಡೀ ಆಯುಷ್ಯ ವೈರುಗಳ ನಡುವೆ ಕಳೆದವನು. ಮೇಲಿನ ಮನೆಯ ತುಳಸಾಬಾಯಿಯವರ ಇನ್ವರ್ಟರಿನಿಂದ ಒಂದು ವೈರು ಎಳೆದು, ಕಿಟಕಿಯ ಸರಳುಗಳ ನಡುವೆ ತೂರಿಸಿ, ಟಿವಿಯ ಹಿಂದೆ ತಂದು, ಒಮ್ಮೆ ಹಚ್ಚಿ ಆರಿಸಿ ನೋಡಿದ್ದೂ ಆಗಿತ್ತು. ಈಗ ಕುರ್ಚಿಗಳನ್ನು ಒರೆಸುತ್ತಿದ್ದ. ಅವಳು ಬಾಗಿಲಲ್ಲಿ ಬಂದು ನಿಂತದ್ದು ಕಂಡೊಡನೆ ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ಎತ್ತಿ ಬಾಯಿಗೆ ಹಿಡಿದುಕೊಂಡ. ಈಗೀಗ ಆ ಕೈ ತಾನಾಗಿ ಮೇಲೇಳುತ್ತಿತ್ತು. ಮನೆಯವರ ಮುಂದೆಯೂ.

"ಎಷ್ಟ ಮಂದಿಗೆ ಹೇಳೀಯಪ್ಪಾ?" ಎಂದಳು.

"ಬಸವರಾಜ, ವಿಶಾಲಾಕ್ಷಿ, ಮ್ಯಾಲಿನ ತುಳಸಾಬಾಯಿ. ಭಾಳ ಮಂದಿಗೆ ಹೇಳಿಲ್ಲ. ನಿನ್ನ ಸಿನಿಮಾ ಟಿವ್ಯಾಗ ಬರೂದು ದಿನಾ ಐತೇನು?"

"ನನ್ನ ಸಿನಿಮಾ ಅಲ್ಲಪ್ಪಾ ಅದು. ಅದರಾಗಿನ ಮೀನ ಅಷ್ಟ ನಂದು."

"ಮೀನ ಇಲ್ಲಂದ್ರ ಸಿನಿಮಾ ಎಲ್ಲಿಂದ ಬರ್ತೈತಿ?" ಎಂದ ಅಪ್ಪ, ಟವೆಲ್ಲಿನ ಹಿಂದಿನಿಂದಲೇ. ಕಣ್ಣುಗಳು ನಗುತ್ತಿದ್ದವು. ಆ ಕಣ್ಣುಗಳನ್ನು ನೋಡಲಾರದೆ ಅವಳು ಇನ್ವರ್ಟರಿನ ವೈರನ್ನು ನೋಡಿದಳು. ಅದನ್ನು ಕಾಲಿನಿಂದ ಒದ್ದು ಕೀಳುವುದು ಎಷ್ಟು ಸುಲಭ.

ಹೋದ ದಸರೆಯ ಹೊತ್ತಿಗೆ ಒಂದು ಬೆಳಿಗ್ಗೆ ಅಪ್ಪ ಬಾಯಿ ಮುಕ್ಕಳಿಸಲು ಹೋದಾಗ ನೀರು ಎಡಗಡೆಯಿಂದ ಸೋರಿಹೋಗಿತ್ತು. ಕನ್ನಡಿ ನೋಡಿಕೊಂಡರೆ ಮುಖದ ಎಡ ಅರ್ಧ ನಿದ್ದೆಯಿಂದ ಎದ್ದೇ ಇರಲಿಲ್ಲ. ಲಕ್ವಾ ಎಂದರು ಓಣಿಯವರು. ಮುಖದ ನರ ಬಾತಿದೆ, ಕೆಲವು ವಾರದಲ್ಲಿ ಸರಿಹೋಗುತ್ತದೆ ಎಂದರು ಡಾಕ್ಟರು. ಮುಕ್ಕಾಲು ಪಾಲು ಸರಿಹೋಯಿತು. ಉಳಿದದ್ದು ಎಡಗಣ್ಣಿನ ರೆಪ್ಪೆಯಲ್ಲಿ ಒಂದಿಷ್ಟು, ಬಾಯಿಯ ಎಡ ಮೂಲೆಯಲ್ಲಿ ಬಹಳಷ್ಟು ಕೂತುಬಿಟ್ಟಿತು. ತುಟಿ ಕೂಡಿಸಿ ಆಡಬೇಕಾದ ಅಕ್ಷರಗಳೆಲ್ಲ ಗಾಳಿಯಾಗಿ ಹೋಗತೊಡಗಿದವು. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಪ್ರತಿವರ್ಷ ಮೈಕು ಹಿಡಿದು ನಿರೂಪಣೆ ಮಾಡುತ್ತಿದ್ದವನಿಗೆ ತನ್ನ ಹೆಸರೇ ತಿರುಗಿಬಿದ್ದಿತ್ತು. ಗ್ಯಾಸ್ ಬುಕ್ ಮಾಡಲು ಫೋನ್ ಮಾಡಿದ ದಿನ ಆ ಕಡೆಯ ಹುಡುಗಿ "ನಾಮ್ ಬೋಲೋ ಸಾಬ್, ನಾಮ್" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಅಪ್ಪ ಪ್ರತಿ ಸಲವೂ ಇನ್ನಷ್ಟು ಜೋರಾಗಿ, ಇನ್ನಷ್ಟು ಗಾಳಿಯಾಗಿ ಹೇಳುತ್ತಿದ್ದ. ಲಹರಿ ಬಂದು ರಿಸೀವರ್ ಕಸಿದುಕೊಂಡು "ಚನ್ನಬಸಪ್ಪ" ಎಂದು ಒಂದೇ ಏಟಿಗೆ ಹೇಳಿ ಮುಗಿಸಿದ್ದಳು. ಸಹಾಯವೆಂದೇ ಮಾಡಿದ್ದು. ರಿಸೀವರ್ ಇಟ್ಟು ತಿರುಗಿದಾಗ ಅಪ್ಪ ಗೋಡೆಯ ಕಡೆ ಮುಖ ಮಾಡಿ ಕ್ಯಾಲೆಂಡರಿನಲ್ಲಿ ಯಾವುದೋ ತಾರೀಖು ಹುಡುಕುತ್ತಿದ್ದ. ಆ ಹೆಸರು ತನ್ನ ಬಾಯಲ್ಲಿ ಎಷ್ಟು ಸಲೀಸಾಗಿ ಬಂತು ಎನ್ನುವುದು ಎಷ್ಟೋ ದಿನ ಅವಳ ನಾಲಿಗೆಯ ಮೇಲೆ ಕಹಿಯಾಗಿ ಉಳಿದಿತ್ತು. ಅಂದಿನಿಂದ ಅಪ್ಪ ಫೋನ್ ಮುಟ್ಟಲಿಲ್ಲ. ಕಾರ್ಖಾನೆಯಲ್ಲಿ ಡಬ್ಬಿಯನ್ನು ಒಬ್ಬನೇ ಕೂತು ಉಣ್ಣುತ್ತಾನಂತೆ ಎಂದು ಬಸವರಾಜ ಕಾಕಾ ಅವ್ವನ ಮುಂದೆ ಹೇಳಿದ್ದರು. ರಾಜ್ಯೋತ್ಸವದ ದಿನ ಹೊಟ್ಟೆನೋವು ಎಂದು ಮಲಗಿದ್ದ. ಅಂಥವನು ಇವತ್ತು ತಾನಾಗಿ ಮಂದಿಯನ್ನು ಮನೆಗೆ ಕರೆದಿದ್ದಾನೆ. ಕರೆದದ್ದು ಯಾವುದನ್ನು ನೋಡಲು ಎಂಬುದು ಅವನಿಗೆ ಗೊತ್ತಿಲ್ಲ.

ಅವಳು ಕೆಲಸ ಮಾಡುತ್ತಿದ್ದುದು ನಾರಾಯಣಗೂಡದ ಒಂದು ಕೋಚಿಂಗ್ ಸೆಂಟರಿನ ಮೇಲಿನ ಮಹಡಿಯಲ್ಲಿ. ಊರೆಲ್ಲ ಹೈಟೆಕ್ ಸಿಟಿಯ ಕಡೆ ಮುಖ ಮಾಡಿ ಓಡುತ್ತಿದ್ದ ಕಾಲ. ಬೆಳಗಾದರೆ ಕಂಪನಿಗಳ ಬಿಳಿ ಸುಮೋಗಳು ಬಂದು ಓಣಿಯ ಹುಡುಗ ಹುಡುಗಿಯರನ್ನು ಎತ್ತಿಕೊಂಡು ಹೋಗುತ್ತಿದ್ದವು. ಲಹರಿ ಅವುಗಳ ಹೊಗೆ ಕುಡಿಯುತ್ತ ಸಿಟಿ ಬಸ್ಸಿಗೆ ಕಾಯುತ್ತಿದ್ದಳು. ಜಾವಾನೋ ಟೆಸ್ಟಿಂಗೋ ಎಂದು ಯಾರಾದರೂ ಕೇಳಿದರೆ ಮೀನು ಎನ್ನಲು ಬಾಯಿ ಬರುತ್ತಿರಲಿಲ್ಲ, ಗ್ರಾಫಿಕ್ಸ್ ಎನ್ನುತ್ತಿದ್ದಳು. ಅಮೆರಿಕದ ಟಿವಿಗಳಿಗಾಗಿ ಅಗ್ಗದಲ್ಲಿ ತೆಗೆದ ಶಾರ್ಕ್ ಸಿನಿಮಾಗಳಿಗೆ ಕಂಪ್ಯೂಟರಿನಲ್ಲಿ ಶಾರ್ಕ್ ಮಾಡಿಕೊಡುವುದು ಅವಳ ಆಫೀಸಿನ ಕೆಲಸ. ಅಲ್ಲಿಂದ ಬರುವ ದೃಶ್ಯಗಳಲ್ಲಿ ಸಮುದ್ರ ಇರುತ್ತಿತ್ತು, ದೋಣಿ ಇರುತ್ತಿತ್ತು, ಚೀರುವ ಜನ ಇರುತ್ತಿದ್ದರು, ಶಾರ್ಕ್ ಮಾತ್ರ ಇರುತ್ತಿರಲಿಲ್ಲ. ಶಾರ್ಕಿನ ಜಾಗದಲ್ಲಿ ಕೋಲಿನ ತುದಿಗೆ ಸಿಕ್ಕಿಸಿದ ಟೆನಿಸ್ ಚೆಂಡು. ಅದನ್ನು ನೋಡಿ ದೊಡ್ಡ ದೊಡ್ಡ ಮನುಷ್ಯರು ಜೀವ ಹೋದಂತೆ ಚೀರುತ್ತಿದ್ದರು. ಲಹರಿಗೆ ಮೊದಮೊದಲು ನಗು ಬರುತ್ತಿತ್ತು. ದಿನವೆಲ್ಲ ಅವರ ಮುಖಗಳನ್ನೇ ನೋಡುತ್ತ ನೋಡುತ್ತ ಅಕ್ಕರೆ ಹುಟ್ಟಿತು. ನೀರಿಗೆ ಬೀಳಬೇಕಾದ ದಪ್ಪ ಪೊಲೀಸನೊಬ್ಬ ಬೀಳುವ ಮೊದಲು, ಯಾರಿಗೂ ಕಾಣದಂತೆ, ಕೈಗಡಿಯಾರ ಬಿಚ್ಚಿ ದೋಣಿಯ ಹಲಗೆಯ ಮೇಲೆ ಇಡುತ್ತಿದ್ದ. ಅದು ಅವನ ಸ್ವಂತದ ಗಡಿಯಾರವೇ ಇರಬೇಕು. ಮನೆಯಲ್ಲಿ ಹೆಂಡತಿ ಕೊಡಿಸಿದ್ದೇನೋ. ಅಷ್ಟು ಮನಸ್ಸಿಟ್ಟು ಒಂದು ಚೆಂಡಿಗೆ ಹೆದರುವವರಿಗೆ ಹೆದರಲು ಯೋಗ್ಯವಾದ ಶಾರ್ಕನ್ನು ಕೊಡಬೇಕು ಎಂದು ಅವಳಿಗೆ ಅನಿಸುತ್ತಿತ್ತು. ಸಮುದ್ರವನ್ನು ಅವಳು ನೋಡಿರಲಿಲ್ಲ. ಹುಸೇನ್ ಸಾಗರ ಕೆರೆಯನ್ನು ನೋಡಿದ್ದಳು.

ಅಂಥ ಶಾರ್ಕನ್ನು ಕೊಡಲಾಗಿರಲಿಲ್ಲ. ಅವಳ ಶಾರ್ಕುಗಳು ಪೆಟ್ಟಿಗೆಯ ಮುಚ್ಚಳದಂತೆ ಬಾಯಿ ತೆರೆದು ಮುಚ್ಚುತ್ತಿದ್ದವು. "ಇಸ್ ಮೇ ಜಾನ್ ನಹೀ ಹೈ", ಇದರಲ್ಲಿ ಜೀವವಿಲ್ಲ, ಎಂದು ಮೇಲ್ವಿಚಾರಕ ಅಂಬಾದಾಸ ಪ್ರತಿ ಸಲವೂ ಹೇಳಿ, ಚಹಾದ ಕಪ್ಪು ಹಿಡಿದು ಮುಂದಿನ ಟೇಬಲ್ಲಿಗೆ ಹೋಗುತ್ತಿದ್ದ. ಆಮೇಲೆ ಒಂದು ಬೆಳಿಗ್ಗೆ, ಹಿಂದಿನ ಪಡಸಾಲೆಯಲ್ಲಿ ಅಪ್ಪ ಡಾಕ್ಟರು ಹೇಳಿದ ಕಸರತ್ತು ಮಾಡುತ್ತಿದ್ದ; ಅವಳು ಪೇಪರು ಓದುವವಳಂತೆ ಕೂತಿದ್ದಳು. ಅಪ್ಪ ಬಾಯಿ ತೆರೆದ. ಬಲಗಡೆ ಮೇಲೆದ್ದಿತು, ತಡೆಯಿತು, ಎಡಗಡೆಗಾಗಿ ಕಾಯಿತು. ಎಡಗಡೆ ಒಂದು ಸಣ್ಣ ನಡುಕದೊಡನೆ, ಎಳೆದು ತಂದಂತೆ, ಹಿಂದಿನಿಂದ ಬಂದು ಕೂಡಿಕೊಂಡಿತು. ಅಷ್ಟೇ. ಅವತ್ತು ಮಧ್ಯಾಹ್ನ ಆಫೀಸಿನಲ್ಲಿ ಅವಳ ಕೈ ತಾನಾಗಿ ಒಂದು ಬಾಯನ್ನು ಮಾಡಿತು. ಮಾಡಿ ಮುಗಿಸುವವರೆಗೆ ಅದು ಯಾರ ಬಾಯಿ ಎಂದು ಅವಳಿಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತು. ಅಂಬಾದಾಸ ಬಂದು ನಿಂತ, ಕಪ್ಪನ್ನು ಕೆಳಗಿಟ್ಟ, ಇನ್ನೊಮ್ಮೆ ತೋರಿಸು ಎಂದ, ಆಮೇಲೆ ಎಲ್ಲರನ್ನೂ ಕರೆದ. ಈಗ ಇದಕ್ಕೆ ಹಸಿವಾಗಿದೆ ನೋಡಿ ಎಂದ. ಆಗ ಅಳಿಸಬಹುದಿತ್ತು. ಅಳಿಸಲಿಲ್ಲ. ಹೊಗಳಿಕೆ ಅಷ್ಟು ರುಚಿಯಾಗಿತ್ತು. ಆ ಖುಷಿಗೆ ಉಸ್ಮಾನಿಯಾ ಬಿಸ್ಕತ್ತು ಕೊಂಡು ಮನೆಗೆ ಬಂದಳು. ಅಪ್ಪ ಚಹಾದಲ್ಲಿ ಅದ್ದಿ ತಿನ್ನುವಾಗ ಎಡಗಡೆಯಿಂದ ಚಹಾ ಜಿನುಗಿತು. ಅವನು ಟವೆಲ್ಲಿಗೆ ತಡಕಾಡುತ್ತಿದ್ದರೆ, ಜಿನುಗುವ ಮೊದಲು ತುಟಿ ಎಷ್ಟು ಹೊತ್ತು ತಡೆಯುತ್ತದೆ ಎಂದು ತಾನು ನೋಡುತ್ತ ಕೂತಿದ್ದೇನೆ ಎಂಬುದು ತಟ್ಟನೆ ಅರಿವಾಗಿ ಅವಳು ಎದ್ದು ಹೋಗಿದ್ದಳು.

ಅಡಿಗೆಮನೆಯಲ್ಲಿ ಅವ್ವ ಚುರುಮುರಿ ಮಾಡಲು ಮಂಡಾಳಿಗೆ ಒಗ್ಗರಣೆ ಹಾಕುತ್ತಿದ್ದಳು. ಶೇಂಗಾದ ಬಿಸಿ ವಾಸನೆ. ಬೇರೆ ದಿನವಾಗಿದ್ದರೆ ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ಅವ್ವಾ, ಇವತ್ತ ಬ್ಯಾಡ ಅಂತ ಅಪ್ಪಗ ಹೇಳ. ಟಿವಿ ಕೆಟ್ಟೈತಿ ಅನ್ನೂಣು. ನಾವು ನಾವ ಆಮ್ಯಾಲ ನೋಡಿದ್ರಾತು."

ಅವ್ವ ಒಲೆಯಿಂದ ಮುಖ ತಿರುಗಿಸಿದಳು. "ದಸರಾಕ್ಕ ಮುಚ್ಚಿದ ಬಾಗಲಾ ಇವತ್ತ ತಗದಾರ ಅವರು. ನಿನಗ ನಾಚಿಕಿ ಬರ್ತೈತೇನು? ಅಪ್ಪನ ಬಾಯಿ ನೋಡಿ ಮಂದಿ ಏನಂತಾರ ಅಂತ?"

ಅಲ್ಲ ಎನ್ನಬೇಕೆಂದುಕೊಂಡಳು. ಹೌದು ಎಂದರೂ ಸುಳ್ಳೇ, ಅಲ್ಲ ಎಂದರೂ ಸುಳ್ಳೇ ಆಗುವಂಥ ಪ್ರಶ್ನೆಯನ್ನು ಅವ್ವ ಎಲ್ಲಿಂದ ಹುಡುಕಿ ತಂದಳು? ಅವಳು ತಟ್ಟೆಗಳನ್ನು ತೊಳೆಯತೊಡಗಿದಳು. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದಳು. ಅವ್ವ ಅದನ್ನು ನೋಡಿ, ಉತ್ತರ ಸಿಕ್ಕಿತು ಎಂಬಂತೆ, ಒಗ್ಗರಣೆಯ ಕಡೆ ತಿರುಗಿದಳು.

ಊಟದ ಹೊತ್ತು ಮುಗಿಯುತ್ತಲೇ ಬಸವರಾಜ ಕಾಕಾ ಬಂದರು. ಅಪ್ಪನ ಕಾರ್ಖಾನೆಯವರೇ, ಅಪ್ಪನಿಗಿಂತ ಚಿಕ್ಕವರು, ದನಿ ಮಾತ್ರ ಅಪ್ಪನಿಗಿಂತ ಎರಡು ಪಟ್ಟು. "ಏನ್ ಚನ್ನಬಸಣ್ಣ, ಮಗಳ ಸಿನಿಮಾ ಅಂದ್ರ ಟಿಕೀಟ ಇಲ್ಲೇನು?" ಎಂದು ಬಾಗಿಲಲ್ಲೇ ಕೂಗಿದರು. ಹಿಂದೆ ಅವರ ಹೆಂಡತಿ ವಿಶಾಲಾಕ್ಷಿ, ತನ್ನ ತಮ್ಮನಿಗೆ ಹೈಟೆಕ್ ಸಿಟಿಯಲ್ಲಿ ಕೆಲಸ ಸಿಕ್ಕಿದ ಸುದ್ದಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದವರಂತೆ. ಮೇಲಿನಿಂದ ತುಳಸಾಬಾಯಿ ಇಳಿದು ಬಂದರು. ಬೀದರಿನ ಕಡೆಯ ಮುದುಕಿ, ಹೇಳಬಾರದ್ದನ್ನು ಹೇಳಿದ ಮೇಲೆ ಬಾಯಿಗೆ ಕೈ ಹಿಡಿಯುವ ಅಭ್ಯಾಸ. ಅಪ್ಪ ಎಲ್ಲರನ್ನೂ ಕೈಸನ್ನೆಯಲ್ಲೇ ಕೂರಿಸಿದ. ತಾನು ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕ, ಟವೆಲ್ಲಿನ ತುದಿಯನ್ನು ಬಾಯಿಗೊತ್ತಿಕೊಂಡು ಕೂತ. ಕರೆಂಟು ಹೋಗಲಿಲ್ಲ.

ಹಿಂದಿಗೆ ಡಬ್ ಮಾಡಿದ ಸಿನಿಮಾ. 'ಖೂನಿ ಖಾಡಿ' ಎಂದು ಕೆಂಪು ಅಕ್ಷರಗಳು ರಕ್ತದಂತೆ ಸೋರಿದವು. ಲಹರಿಗೆ ತನ್ನ ಹಳೆಯ ಪರಿಚಯದವರೆಲ್ಲ ಒಬ್ಬೊಬ್ಬರಾಗಿ ಕಂಡರು. ಇಷ್ಟು ದಿನ ದನಿಯಿಲ್ಲದೆ ನೋಡಿದವರು ಈಗ ಹಿಂದಿಯಲ್ಲಿ ಮಾತಾಡುತ್ತಿದ್ದರು. ದಪ್ಪ ಪೊಲೀಸನಿಗೆ ಯಾರೋ ಹಿಂದಿ ಸಿನಿಮಾದ ದರೋಡೆಕೋರ ಡಾಕುವಿನ ದನಿ ಕೊಟ್ಟಿದ್ದರು. ಅವನನ್ನು ಕಂಡು ಅವಳಿಗೆ, ಇಷ್ಟು ಸಂಕಟದಲ್ಲೂ, ಊರಿನವರು ಸಿಕ್ಕಷ್ಟು ಸಂತೋಷವಾಯಿತು. ಕಾಕಾ ಪ್ರತಿಯೊಂದಕ್ಕೂ ಬೆರಳು ಮಾಡಿ "ಇದನ್ನೂ ನೀನ ಮಾಡಿದ್ದೇನವಾ?" ಎಂದು ಕೇಳುತ್ತಿದ್ದರು. ದೋಣಿ? ಅಲ್ಲ. ಹೆಲಿಕಾಪ್ಟರು? ಅಲ್ಲ. ಹಾರುವ ಹಕ್ಕಿ? ಅದು ಖರೆ ಹಕ್ಕಿ ಕಾಕಾ. ಕೊನೆಗೆ ನೀರಿನ ಮೇಲೆ ಶಾರ್ಕಿನ ಬೆನ್ನಿನ ಈಜುರೆಕ್ಕೆ ಮೂಡಿತು. "ಅದು ನಂದು" ಎಂದಳು. ಕೋಣೆಯಲ್ಲಿ ಎಲ್ಲರೂ ಒಮ್ಮೆ ತಿರುಗಿ ಅವಳನ್ನು ನೋಡಿದರು. ಹಿಂದಿನಿಂದ ಅಪ್ಪ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಅದು ಅವನ ಹೆಮ್ಮೆಯ ಸದ್ದು. ಅವಳು ಶಾಲೆಯಲ್ಲಿ ಬಹುಮಾನ ತಗೊಂಡ ದಿನಗಳಿಂದ ಬಲ್ಲಳು.

ಮೊದಲ ಸಲ ಶಾರ್ಕ್ ದೋಣಿಯ ಹುಡುಗಿಯನ್ನು ಹಿಡಿದಾಗ ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಯಿತು. ಬರೀ ನೊರೆ, ಕೆಂಪು ನೀರು. ಲಹರಿ ಉಸಿರು ಬಿಟ್ಟಳು. ಯಾರಿಗೂ ಕಂಡಿರಲಿಕ್ಕಿಲ್ಲ. ಕಾಣದೇ ಮುಗಿದುಬಿಡಬಹುದು. ಅಷ್ಟರಲ್ಲಿ ಪೊಲೀಸ ದೋಣಿಯ ಅಂಚಿಗೆ ಬಂದ, ಕೈ ಹಿಂದೆ ಮಾಡಿದ, ಗಡಿಯಾರ ಬಿಚ್ಚಿದ್ದು ಅವಳೊಬ್ಬಳಿಗೇ ಕಂಡಿತು, ನೀರಿಗೆ ಬಿದ್ದ. ಶಾರ್ಕ್ ಕೆಳಗಿನಿಂದ ಎದ್ದು ನೇರ ಪರದೆಯ ತುಂಬ ಬಂತು. ಬಾಯಿ ತೆರೆಯಿತು. ಒಂದು ಪಕ್ಕ ಮೇಲೆದ್ದು ತಡೆಯಿತು. ಇನ್ನೊಂದು ಪಕ್ಕ ನಡುಗುತ್ತ ಹಿಂದಿನಿಂದ ಬಂತು. ಅಂಬಾದಾಸ ಮೆಚ್ಚಿಕೊಂಡು ಅದನ್ನು ನಿಧಾನ ಮಾಡಿಸಿದ್ದ. ಮುಗಿಯದಷ್ಟು ನಿಧಾನ.

"ಅಯ್ಯ ಪಾಪ," ಎಂದರು ತುಳಸಾಬಾಯಿ, "ಇದಕ್ಕೂ ಲಕ್ವಾ ಹೊಡದೈತೇನ!"

ಆಮೇಲೆ ಬಾಯಿಗೆ ಕೈ ಹಿಡಿದುಕೊಂಡರು. ಇದಕ್ಕೂ. ಆ ಒಂದು 'ಕ್ಕೂ' ಕೋಣೆಯ ನಡುವೆ ಬಂದು ಬಿದ್ದಿತ್ತು; ಯಾರೂ ಅದನ್ನು ಎತ್ತಿಕೊಳ್ಳಲಾರರು, ಯಾರೂ ದಾಟಿ ಹೋಗಲಾರರು. ಕಾಕಾ ಮಂಡಾಳಿನಲ್ಲಿ ಶೇಂಗಾ ಆರಿಸತೊಡಗಿದರು. ವಿಶಾಲಾಕ್ಷಿ ಬಳೆ ತಿರುಗಿಸಿಕೊಂಡರು. ಎಲ್ಲರೂ ಹಿಂದೆ ನೋಡದಿರಲು ಎಷ್ಟು ಕಷ್ಟಪಡುತ್ತಿದ್ದರೆಂದರೆ, ನೋಡಿದ್ದರೇ ವಾಸಿಯಾಗುತ್ತಿತ್ತು. ಟಿವಿಯಲ್ಲಿ ಪೊಲೀಸ ಡಾಕುವಿನ ದನಿಯಲ್ಲಿ ಅರಚುತ್ತಿದ್ದ. ಹಿಂದೆ ಕುರ್ಚಿ ಸರಿದ ಸದ್ದಾಯಿತು. ಅಪ್ಪ ಎದ್ದು ಒಳಗೆ ಹೋದ.

ಹಿಂದೆಯೇ ಹೋಗಬೇಕು ಎಂದುಕೊಂಡಳು. ಅವ್ವ ಅಡಿಗೆಮನೆಯ ಬಾಗಿಲಿನಿಂದ ಅವಳನ್ನು ನೋಡುತ್ತಿದ್ದಳು. ಅವ್ವನಿಗೆ ತಿಳಿದುಬಿಟ್ಟಿತ್ತು, ಒಲೆಯ ಮುಂದೆ ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ಮಗಳ ಮುಖದ ಮೇಲೆ ಈಗ ಬಂದು ಮುಟ್ಟಿತ್ತು. ಲಹರಿ ಎದ್ದಳು. ತನ್ನದೇ ಮನೆಯಲ್ಲಿ ನೆಂಟರ ಮನೆಗೆ ಬಂದವಳಂತೆ ಗೋಡೆ ಹಿಡಿದು ನಡೆದಳು. ಅಪ್ಪ ಅಳುತ್ತಿದ್ದರೆ ಏನು ಮಾಡುವುದು? ಅಪ್ಪ ಅತ್ತದ್ದನ್ನು ಅವಳು ನೋಡಿರಲಿಲ್ಲ. ಅಳುವಾಗಲೂ ಆ ಬಾಯಿ ಹಾಗೆಯೇ, ಒಂದು ಪಕ್ಕ ಮೊದಲು... ಛೆ. ಈಗಲೂ ಅದನ್ನೇ ಯೋಚಿಸುತ್ತಿದ್ದಾಳೆ.

ಅಪ್ಪ ಹಿಂದಿನ ಪಡಸಾಲೆಯಲ್ಲಿ ಕನ್ನಡಿಯ ಮುಂದೆ ನಿಂತು ಬಾಯಿ ತೆರೆದು ನೋಡಿಕೊಳ್ಳುತ್ತಿದ್ದ. ತೆರೆದ, ಮುಚ್ಚಿದ, ಇನ್ನೊಮ್ಮೆ ತೆರೆದ.

"ಬೆಳಕಿಗೆ ಅಡ್ಡ ನಿಂದರಬ್ಯಾಡ," ಎಂದ. ಅವಳು ಪಕ್ಕಕ್ಕೆ ಸರಿದಳು. "ಆ ಹುಡುಗೀನ ಹಿಡಿವಾಗ ಎಡಗಡೆ ತಡಾ ಆತು. ಪೊಲೀಸನ್ನ ಹಿಡಿವಾಗ ಬಲಗಡೆ ತಡಾ ಆತು. ಹೌದಲ್ಲ?"

ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದದ್ದನ್ನೂ ಅವನು ನೋಡಿದ್ದ. ತನ್ನ ಬಾಯನ್ನು ತಾನು ಗುರುತಿಸದೆ ಇರುತ್ತಾನೆಯೇ.

"ಹೌದಪ್ಪಾ."

"ಯಾಕ ಹಂಗ?"

"ಖರ್ಚ ಉಳಸಾಕ ಅವರು ಒಂದ ಚಿತ್ರಾನ ಎಡಾ ಬಲಾ ತಿರುವಿ ಹಾಕಿ ಎರಡ ಸಲ ತೋರಸ್ತಾರ. ನಾ ಮಾಡಿದ್ದು ಎಡಗಡೀದ."

"ಹಾಂ. ನಂದು ಎಡಗಡೀದು," ಎಂದ ಅಪ್ಪ, ಒಂದು ಅನುಮಾನ ತೀರಿದವನಂತೆ. ಆಮೇಲೆ ಕನ್ನಡಿಗೇ ಕೇಳಿದಂತೆ ಕೇಳಿದ: "ಚಾಷ್ಟಿಗೆ ಮಾಡಿದೇನು, ನನ್ನ ನೋಡಿ ನಗಾಕ?"

"ಇಲ್ಲ. ಇಲ್ಲಪ್ಪಾ. ಉಳದ ಮೀನೆಲ್ಲಾ ಡಬ್ಬಿ ಮುಚ್ಚಳ ತಗದಂಗ ಬಾಯಿ ತಗೀತಿದ್ವು. ಅವಕ್ಕ ಏನೂ ಬೇಕಾಗಿದ್ದಿಲ್ಲ. ನೀ ಕಷ್ಟಪಟ್ಟ ತಗೀತಿ. ನಿನಗ ಬೇಕಾದದ್ದು ಖರೇನ ಬೇಕಾಗೈತಿ ಅನಸ್ತೈತಿ ನೋಡಿದ್ರ. ಅದನ್ನ ನೋಡಿದೆ. ನೋಡಬಾರದಿತ್ತು. ಕೇಳಬೇಕಿತ್ತು ನಿನ್ನ."

"ಕೇಳಿದ್ರ ಬ್ಯಾಡ ಅಂತಿದ್ದೆ," ಎಂದ ಅಪ್ಪ.

ಅದು ಕ್ಷಮಿಸಿದ್ದೋ ಬೈದದ್ದೋ ಅವಳಿಗೆ ತಿಳಿಯಲಿಲ್ಲ. ಅವನಿಗೂ ತಿಳಿದಂತೆ ಕಾಣಲಿಲ್ಲ. ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡ. ಎಡಗಣ್ಣು ಇನ್ನೂ ಸರಿಯಾಗಿ ಮುಚ್ಚುತ್ತಿರಲಿಲ್ಲ. ನೀರು ಒಳಗೆ ಹೋಗಿ ಕೆಂಪಾಯಿತು. ಮುಖ ಒರೆಸಿಕೊಳ್ಳುವಾಗ, "ಕೆಲಸ ಚಲೋ ಮಾಡೀದಿ. ಅದು ಬೇರೆ ಮಾತು," ಎಂದ. ಹೊರಗಿನಿಂದ ಕಾಕಾನ ದನಿ ಗೋಡೆ ಒಡೆದು ಬಂತು: "ಚನ್ನಬಸಣ್ಣ, ಲಗೂನ ಬಾ, ಸಾಯಾಕ ಬಂತು ನಿಮ್ಮ ಮೀನ!" ಮನಸ್ಸು ಕೆಟ್ಟ ಮನೆಯನ್ನು ಗದ್ದಲ ಮಾಡಿಯೇ ರಿಪೇರಿ ಮಾಡುವವರ ದನಿ ಅದು. ಅಪ್ಪ ಟವೆಲ್ಲನ್ನು ಹಗ್ಗದ ಮೇಲೆ ಒಣಹಾಕಿ ಹೊರಗೆ ನಡೆದ.

ಈ ಸಲ ಅಪ್ಪ ಹಿಂದೆ ಕೂರಲಿಲ್ಲ. ತುಳಸಾಬಾಯಿಯ ಪಕ್ಕದ ಕುರ್ಚಿ ಖಾಲಿ ಇತ್ತು, ಅಲ್ಲಿ ಕೂತ. ತುಳಸಾಬಾಯಿ ತಪ್ಪು ಮಾಡಿದ ಹುಡುಗಿಯಂತೆ ಮುದುಡಿದರು. ಪರದೆಯ ಮೇಲೆ ಎಣ್ಣೆಯ ಪೀಪಾಯಿಗಳನ್ನು ಕಟ್ಟಿದ ದೋಣಿಯ ಕಡೆ ಶಾರ್ಕ್ ಈಜುತ್ತ ಬರುತ್ತಿತ್ತು. ನಾಯಕ ಬಂದೂಕು ಎತ್ತಿದ. "ಅಲ್ಲಿಗೆ ಹೋಗಬ್ಯಾಡ ಮಾರಾಯಾ," ಎಂದ ಅಪ್ಪ ಶಾರ್ಕಿಗೆ. ಅದು ಹೋಯಿತು. ದೋಣಿ, ಪೀಪಾಯಿ, ನೀರು ಎಲ್ಲ ಒಂದೇ ಉಂಡೆ ಬೆಂಕಿಯಾಗಿ ಮೇಲೆದ್ದವು. ಶಾರ್ಕಿನ ತುಂಡುಗಳು ಆಕಾಶದಿಂದ ಸುರಿದವು. ಆ ತುಂಡುಗಳಲ್ಲಿ ಕೆಲವು ಅಂಬಾದಾಸ ಆತುರದಲ್ಲಿ ಮಾಡಿದವು, ಒಣಗಿದ ರೊಟ್ಟಿಯ ಹಾಗೆ ಕಾಣುತ್ತಿದ್ದವು.

"ಪಾಪ, ಹೊಟ್ಟಿಗೆ ಇಲ್ಲದಕ್ಕ ಬಂದಿತ್ತು," ಎಂದರು ತುಳಸಾಬಾಯಿ ತಗ್ಗಿದ ದನಿಯಲ್ಲಿ.

"ಹೌದ್ರಿ. ಯಾರಿಗೂ ಬೇಕಂತ ತ್ರಾಸ ಕೊಟ್ಟಿದ್ದಿಲ್ಲ," ಎಂದ ಅಪ್ಪ.

ಎಲ್ಲರೂ ಇನ್ನೂ ಪರದೆಯನ್ನೇ ನೋಡುತ್ತಿದ್ದರು. ಈಗ ಹೆಸರುಗಳು ಬರುತ್ತವೆ ಎಂದು ಅಪ್ಪನೇ ಬೆಳಿಗ್ಗೆ ಎಲ್ಲರಿಗೂ ಹೇಳಿ ಕಳಿಸಿದ್ದನಂತೆ, ಕೊನೆಯತನಕ ಏಳಬೇಡಿ ಎಂದು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಕೆಳಗಿನಿಂದ ಏರತೊಡಗಿದವು. ಕಾಕಾ ಕನ್ನಡಕ ಹಾಕಿಕೊಂಡು ಮುಂದಕ್ಕೆ ಬಾಗಿದರು. ನಾಯಕನ ಹೆಸರು ಹೋಯಿತು, ಪೊಲೀಸನ ಹೆಸರು ಬಂತು, ಅಷ್ಟರಲ್ಲಿ ಪಟ್ಟನೆ ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತು ಶುರುವಾಯಿತು.

"ಅರೆ! ಹುಡುಗಿ ಹೆಸರ ಬರಲಿಲ್ಲಲ್ಲ!" ಕಾಕಾ ಎದ್ದೇ ನಿಂತರು. "ಏನ್ ಮಂದಿ ಇವರು! ಇಷ್ಟ ಮಾಡಿ ಹೆಸರ ಹಾಕೂದಿಲ್ಲಂದ್ರ?"

"ನಂದೂ ಬರಲಿಲ್ಲ ಬಿಡೋ," ಎಂದ ಅಪ್ಪ.

"ನಿಂದ್ಯಾಕ ಬರ್ತೈತಿ?"

"ಬಾಯಿ ನಂದು." ಮೊದಲ ಅಕ್ಷರ ಗಾಳಿಯಾಗಿ ಹೋಯಿತು. ಕಾಕಾಗೆ ಕೇಳಿಸಲಿಲ್ಲ, "ಏನಂದಿ?" ಎಂದರು. ತಾನೇ ಹೇಳಿಬಿಡಲು ಲಹರಿಯ ನಾಲಿಗೆ ಮುಂದೆ ಬಂತು. ಹಲ್ಲು ಕಚ್ಚಿ ಅದನ್ನು ತಡೆದಳು. ಅಪ್ಪ ಬೆರಳಿನಿಂದ ಎಡಗೆನ್ನೆಯನ್ನು ಮೇಲಕ್ಕೆ ಒತ್ತಿ ಹಿಡಿದು, ನಿಧಾನಕ್ಕೆ, ರಾಜ್ಯೋತ್ಸವದ ಮೈಕಿನ ಮುಂದೆ ನಿಂತವನಂತೆ ಇನ್ನೊಮ್ಮೆ ಹೇಳಿದ: "ಬಾಯಿ. ಆ ಮೀನಿನ ಬಾಯಿ ನಂದು. ನಮ್ಮ ಲಹರಿ ನನ್ನ ನೋಡಿ ಮಾಡ್ಯಾಳ."

ತಮ್ಮ ತಮ್ಮ ಮುಖಗಳನ್ನು ಏನು ಮಾಡಿಕೊಳ್ಳಬೇಕೆಂದು ಯಾರಿಗೂ ತಿಳಿಯಲಿಲ್ಲ. ವಿಶಾಲಾಕ್ಷಿ ಅವ್ವನ ಕಡೆ ನೋಡಿದರು. ಅವ್ವ ಅಪ್ಪನ ಕಡೆ. ಕಾಕಾನ ಬಾಯಲ್ಲಿ ಒಂದು ನಗು ಅರ್ಧಕ್ಕೆ ನಿಂತು ಅಪ್ಪಣೆಗಾಗಿ ಕಾಯುತ್ತಿತ್ತು. ಅಪ್ಪ ಕುರ್ಚಿಯ ಎರಡೂ ಕೈಗಳನ್ನು ಹಿಡಿದು ತುಳಸಾಬಾಯಿಯ ಕಡೆ ತಿರುಗಿದ, ಕತ್ತು ಮುಂದೆ ಚಾಚಿ ಬಾಯಿ ತೆರೆದ. ಬಲಗಡೆ ಮೇಲೆದ್ದಿತು. ತಡೆಯಿತು. ಲಹರಿಯೂ ಅದರೊಡನೆ ತಡೆದಳು. ಎಡಗಡೆ ನಡುಗುತ್ತ, ಅವಳು ಯಾವ ದಿನವೂ ಕಂಡದ್ದಕ್ಕಿಂತ ನಿಧಾನವಾಗಿ, ಸ್ವಲ್ಪ ಬೇಕೆಂದೇ ನಿಧಾನವಾಗಿ, ಹಿಂದಿನಿಂದ ಬಂದು ಕೂಡಿತು.

"ಅಯ್ಯೋ ಅಣ್ಣಾರ!" ಎಂದು ಚೀರಿ ತುಳಸಾಬಾಯಿ ಎರಡೂ ಕಾಲು ಕುರ್ಚಿಯ ಮೇಲೆ ಎಳೆದುಕೊಂಡರು.